ಬದುವಿನ ಜಾಲಿಯಲ್ಲೊಂದು ಕೂಡು ಕುಟುಂಬ

ಕಳೆದ ಡಿಸೆಂಬರ್‌ನಲ್ಲಿ ಅಣ್ಣಿಗೇರಿ ಹತ್ತಿರ ಕಡಲೆ ಹೊಲ ನೋಡಲು ಹೋಗಿದ್ದೆ. ಬದುವಿನ ಜಾಲಿ ಟೊಂಗೆಯಲ್ಲಿ ತೆಂಗಿನಕಾಯಿ ಗಾತ್ರದ ಬೂದು ಗಂಟು ಕಂಡಿತು. ಸುತ್ತ ಹಾಳೆಯಂತೆ ಹರಡಿದ ಬಲೆ. "ಸರ, ಈ ಹೊಲಸು ಸುಟ್ಟು ಬಿಡ್ಲೇನ್ರಿ?" ಎಂದು ಹೊಲದವರು ಕೇಳಿದರು. ಬೇಡ್ರಿ ಅಂದೆ. ಅದು ನೂರಾರು ಜೇಡಗಳ ಮನೆ.

ಹೆಸರು ಸ್ಟೆಗೊಡೈಫಸ್ ಸಾರಾಸಿನೋರಮ್. ಹೆಣ್ಣೇ ಒಂದು ಸೆಂಟಿಮೀಟರ್ ಆಸುಪಾಸು, ಗಂಡು ಇನ್ನೂ ಸಣ್ಣದು. ಸಾಮಾನ್ಯವಾಗಿ ಜೇಡ ಒಂಟಿಯಾಗಿ ಬದುಕುತ್ತದೆ, ಎದುರಿಗೆ ಸಿಕ್ಕ ತನ್ನ ಜಾತಿಯನ್ನೇ ತಿನ್ನುವುದೂ ಉಂಟು. ಜೀವನಪೂರ್ತಿ ಕೂಡಿ ಬಾಳುವವು ಬಹಳ ಅಪರೂಪ. ಈ ಕುಲದಲ್ಲಿ ಅಂಥವು ಮೂರೇ. ಎರಡು ಆಫ್ರಿಕಾ ಕಡೆಯವು, ಇದೊಂದು ನಮ್ಮದು. ಭಾರತ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್‌ಗಳಲ್ಲಿ ಸಿಗುತ್ತದೆ.

ನಮ್ಮಲ್ಲಿ ಕಲಘಟಗಿ, ಅಳ್ನಾವರದಂಥ ಮಳೆ ಜಾಸ್ತಿ ಇರುವ ಕಡೆ ಈ ಗೂಡು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ನವಲಗುಂದ, ಗದಗ, ಮುಂಡರಗಿ ಕಡೆ ಹೋದಂತೆ ಮುಳ್ಳುಬೇಲಿಯಲ್ಲಿ, ಬಾರಿ ಗಿಡದಲ್ಲಿ, ತಂತಿಯ ಮೇಲೆ ಕಾಣುತ್ತದೆ. ಅದಕ್ಕೆ ಬೇಕಾದ್ದು ಬಯಲು, ಬಿಸಿಲು, ಮುಳ್ಳು. ಇದರ ಬಲೆಯಲ್ಲಿ ಅಂಟು ಇರುವುದಿಲ್ಲ. ಹಿಂಗಾಲಿನ ಬಾಚಣಿಗೆಯಂಥ ಕೂದಲಿನಿಂದ ಬಾಚಿ ಬಾಚಿ ತೆಗೆದ, ಉಣ್ಣೆಯಂಥ ಒಣ ಎಳೆ ಅದು. ಹುಳದ ಕಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆ ನೆನೆದರೆ ಹಿಡಿತ ಸಡಿಲ. ಒಣ ಸೀಮೆ ಇದಕ್ಕೆ ಒಗ್ಗಲು ಇದೂ ಒಂದು ಕಾರಣ ಅನ್ನಿಸುತ್ತದೆ.

ಗೂಡಿನೊಳಗೇ ಮದುವೆ, ಗೂಡಿನೊಳಗೇ ಮಕ್ಕಳು. ತಾಯಿ ತಾನು ತಿಂದದ್ದನ್ನು ದ್ರವ ಮಾಡಿ ಮರಿಗಳ ಬಾಯಿಗೆ ಕೊಡುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ತಿನ್ನುತ್ತವೆ, ಅದು ಓಡುವುದಿಲ್ಲ. ಎಷ್ಟು ಸಲ ಹೇಳಿದರೂ ಇದನ್ನು ಹೇಳುವಾಗ ನನ್ನ ದನಿ ಸಣ್ಣದಾಗುತ್ತದೆ.

ಹೊಸ ಗೂಡು ಹೆಚ್ಚಾಗಿ ಪಕ್ಕದ ಟೊಂಗೆಯಲ್ಲೋ ಪಕ್ಕದ ಗಿಡದಲ್ಲೋ ಏಳುತ್ತದೆ. ಹಾಗಾಗಿ ಒಂದು ಬದುವಿನಲ್ಲಿ ಹತ್ತು ಗೂಡು, ಮುಂದಿನ ಎರಡು ಮೈಲಿ ಒಂದೂ ಇಲ್ಲ. ಜೆಸಿಬಿ ಹಚ್ಚಿ ಆ ಒಂದು ಬದು ಚೊಕ್ಕ ಮಾಡಿದರೆ ಅಲ್ಲಿಯ ವಂಶವೇ ಹೋದಂತೆ. ಬದುವಿನ ನಾಲ್ಕು ಮುಳ್ಳುಗಿಡ ಬಿಡ್ರಿ ಎಂದು ರೈತರಿಗೆ ಹೇಳುತ್ತಲೇ ಇರುತ್ತೇನೆ. ಈ ಜೇಡದಿಂದ ಬೆಳೆಗಾಗಲಿ ಮನುಷ್ಯರಿಗಾಗಲಿ ತೊಂದರೆ ಇಲ್ಲ.

ಅವತ್ತು ಹೊತ್ತು ಮುಳುಗುವವರೆಗೂ ಅಲ್ಲೇ ಕೂತೆವು. ಒಂದು ಮಿಡತೆ ಬಲೆಗೆ ಬಿದ್ದು ಒದ್ದಾಡಿತು. ಮೊದಲು ಒಂದು ಜೇಡ ಬಂದು ಕಾಲು ಹಿಡಿಯಿತು. ಆಮೇಲೆ ಮೂರು, ಆಮೇಲೆ ಏಳು. ಎಲ್ಲ ಸೇರಿ ಗೂಡಿನ ಕಡೆ ಎಳೆದುಕೊಂಡು ಹೋದವು. "ಒಂದಕ್ಕ ಆಗೂದಿಲ್ಲ ನೋಡ್ರಿ ಸರ" ಎಂದ ಹೊಲದವರು ಮೊಬೈಲ್ ಟಾರ್ಚ್ ಹಾಕಿ ಮತ್ತೆ ಎಣಿಸತೊಡಗಿದರು.