ರೋಬೋಟಿಕ್ಸ್ ಓದುವವರು ಮೊದಲು ಕಲರ್ ಸಾರ್ಟರ್ ನೋಡಲಿ

ಸಿಇಟಿ ಫಲಿತಾಂಶ ಬಂದ ಮೇಲೆ ಹಾಸನದ ಪರಿಚಯಸ್ಥರಿಂದ ನನಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಮಗಳಿಗೆ ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂರೂ ಸೇರಿದ, ರೋಬೋಟಿಕ್ಸ್‌ಗೆ ತಳಹದಿಯಾದ ಓದು) ಬೇಕಂತೆ, ಕಂಪ್ಯೂಟರ್ ಸೈನ್ಸ್ ಬಿಟ್ಟು ಅದಕ್ಕೆ ಸೇರಿಸಬಹುದೇ? ಹೌದು, ಅಲ್ಲ ಎನ್ನುವ ಗೋಜಿಗೆ ನಾನು ಹೋಗುವುದಿಲ್ಲ. ಕಾಫಿ ಬೀಜವನ್ನು ಸಂಸ್ಕರಿಸುವ ಗುರುತಿನ ಕ್ಯೂರಿಂಗ್ ವರ್ಕ್ಸ್ ಇದ್ದರೆ ಅವಳನ್ನು ಕರೆದುಕೊಂಡು ಹೋಗಿ, ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರದ ಎದುರು ಅರ್ಧ ಗಂಟೆ ನಿಲ್ಲಿಸಿ ಎನ್ನುತ್ತೇನೆ. ಅಂಥ ಯಂತ್ರಗಳ ನಿರ್ವಹಣೆಯೇ ನನ್ನ ಕಸುಬು. ಹಾಗಾಗಿ ಈ ಸಲಹೆಯಲ್ಲಿ ಪಕ್ಷಪಾತ ಇದೆ, ಇರಲಿ.

ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿದ ಬೀಜ ಈ ಯಂತ್ರದ ಮೇಲ್ತುದಿಯಿಂದ ಇಳಿಜಾರಿನ ತಗಡಿನ ಮೇಲೆ ಜಾರಿ ಬರುತ್ತದೆ. ತಗಡು ಮುಗಿದಲ್ಲಿ ಕ್ಯಾಮೆರಾ ಪ್ರತಿ ಬೀಜವನ್ನೂ ನೋಡುತ್ತದೆ. ಕಪ್ಪು ಬೀಜ ಕಂಡರೆ ಕೆಳಗಿನ ವಾಲ್ವ್ ತೆರೆದು, ಗಾಳಿ ಅದೊಂದನ್ನೇ ಪಕ್ಕಕ್ಕೆ ಊದಬೇಕು. ಬೀಜ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುತ್ತಿದೆ, ಗಾಳಿಯ ನಳಿಕೆ ಕ್ಯಾಮೆರಾಕ್ಕಿಂತ 6 ಸೆಂಟಿಮೀಟರ್ ಕೆಳಗಿದೆ ಎಂದುಕೊಳ್ಳಿ. ಸಿಗುವ ಸಮಯ 20 ಮಿಲಿಸೆಕೆಂಡು. ಚಿತ್ರ ತೆಗೆಯುವುದು, ಬಣ್ಣ ತೀರ್ಮಾನಿಸುವುದು, ವಾಲ್ವ್ ತೆರೆಯುವುದು ಎಲ್ಲ ಅಷ್ಟರಲ್ಲೇ ಆಗಬೇಕು. 5 ಮಿಲಿಸೆಕೆಂಡು ತಡವಾದರೆ ಬೀಜ ಆಗಲೇ ಒಂದೂವರೆ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಗಾಳಿಯ ಪೆಟ್ಟು ಹಿಂದೆ ಬರುತ್ತಿರುವ ಒಳ್ಳೆಯ ಬೀಜಕ್ಕೆ ಬೀಳುತ್ತದೆ.

ಈ ಯಂತ್ರಕ್ಕೆ ತೋಳಿಲ್ಲ, ಮುಖವಿಲ್ಲ, ಹುಡುಗರು ಇದನ್ನು ರೋಬೋಟ್ ಎಂದು ಒಪ್ಪುವುದೇ ಇಲ್ಲ. ಆದರೆ 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯುನಿಮೇಟ್ ಎಂಬ ಮೊದಲ ಕೈಗಾರಿಕಾ ರೋಬೋಟ್ ಬಿಸಿ ಎರಕದ ತುಂಡುಗಳನ್ನು ಎತ್ತಿಡುತ್ತಿದ್ದರೂ ಅವನ್ನು ನೋಡುತ್ತಿರಲಿಲ್ಲ, ಕಲಿಸಿಕೊಟ್ಟ ಚಲನೆಯನ್ನೇ ಮತ್ತೆ ಮತ್ತೆ ಮಾಡುತ್ತಿತ್ತು. ನೋಡಿ, ನಿರ್ಧರಿಸಿ, ತಕ್ಕ ಹೊತ್ತಿಗೆ ಕೈಹಾಕುವ ವಿಷಯದಲ್ಲಿ ನಮ್ಮ ಸಾರ್ಟರ್ ಅದಕ್ಕಿಂತ ಮುಂದಿದೆ.

ಇನ್ನು ಇದು ಕೆಟ್ಟಾಗಿನ ಮಾತು. ಒಳ್ಳೆಯ ಬೀಜವೂ ತ್ಯಾಜ್ಯದ ಚೀಲಕ್ಕೆ ಹೋಗುತ್ತಿದೆ ಎಂದು ದೂರು ಬರುತ್ತದೆ. ತರಬೇತಿಗೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲು ಕೈಹಾಕುವುದು ಪರದೆಯ ಮೇಲಿನ ಸೆಟ್ಟಿಂಗ್‌ಗೆ. ಅನುಭವಸ್ಥ ಫಿಟ್ಟರ್ ಕ್ಯಾಮೆರಾದ ಗಾಜು ಒರೆಸುತ್ತಾನೆ, ಏಕೆಂದರೆ ಬೀಜದಿಂದ ಕಳಚಿದ ತೆಳು ಪೊರೆ ಅದರ ಮೇಲೆ ಕೂತಿರುತ್ತದೆ. ಆಮೇಲೆ ಗಾಳಿಯ ಕೊಳವೆಯ ಫಿಲ್ಟರ್ ತಿರುಗಿಸಿ ನೀರು ಬಸಿಯುತ್ತಾನೆ. ಜೂನ್ ಮಳೆ ಹಿಡಿದ ಮೇಲೆ ಮಲೆನಾಡಿನ ತೇವದ ಗಾಳಿಯನ್ನು ಕಂಪ್ರೆಸರ್ ಒತ್ತಿದಾಗ ನೀರು ಬೇರ್ಪಡುತ್ತದೆ, ಅದು ವಾಲ್ವ್‌ಗೆ ಸೇರಿದರೆ ವಾಲ್ವ್ ನಿಧಾನವಾಗುತ್ತದೆ. ಪ್ರೋಗ್ರಾಂನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಇದು ಮೆಕ್ಯಾನಿಕಲ್ ದೋಷವೋ, ಎಲೆಕ್ಟ್ರಾನಿಕ್ಸ್ ದೋಷವೋ? ಕಾಲೇಜಿನಲ್ಲಿ ನ್ಯೂಮ್ಯಾಟಿಕ್ಸ್ (ಒತ್ತಿದ ಗಾಳಿಯಿಂದ ಕೆಲಸ ಮಾಡಿಸುವ ವಿದ್ಯೆ) ಒಂದು ಸೆಮಿಸ್ಟರ್‌ನಲ್ಲಿ, ಸೆನ್ಸರ್ ಇನ್ನೊಂದರಲ್ಲಿ, ಕಂಟ್ರೋಲ್ ಸಿಸ್ಟಮ್ಸ್ ಮತ್ತೊಂದರಲ್ಲಿ ಬರುತ್ತವೆ. ಪರೀಕ್ಷೆಯೂ ಬೇರೆ ಬೇರೆ. ಅವು ಒಟ್ಟಿಗೆ ಸೇರುವುದು ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ, ಅಷ್ಟು ಹೊತ್ತಿಗೆ ಮಕ್ಕಳ ತಲೆಯಲ್ಲಿ ಗೋಡೆಗಳು ಎದ್ದಾಗಿರುತ್ತವೆ. ನನ್ನ ತಕರಾರು ಇರುವುದು ಇಲ್ಲೇ.

ತಡ ಎಂಬುದು ಸಾರ್ಟರ್‌ಗೆ ಮಾತ್ರ ಅಂಟಿದ ರೋಗವಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಸಂಕೇತ ಹೋಗಿ ಬರಲು ಕಾಲು ಸೆಕೆಂಡಿನಷ್ಟು ಬೇಕು. ಉಪಗ್ರಹದ ಮುಖ ಭೂಮಿಯ ಕಡೆಗೇ ಇರುವಂತೆ ಕ್ಷಣಕ್ಷಣವೂ ತಿದ್ದುವ ಕೆಲಸವನ್ನು ಉಪಗ್ರಹದೊಳಗಿನ ವ್ಯವಸ್ಥೆಯೇ ಮಾಡುತ್ತದೆ. ಹಾಸನದಿಂದ ಹೋಗುವುದು ಆದೇಶ. ಯಾವ ತೀರ್ಮಾನ ಎಲ್ಲಿ ಆಗಬೇಕು ಎಂಬ ಈ ಪ್ರಶ್ನೆ ಕೇಳಿಕೊಳ್ಳದೆ ಎಲ್ಲವನ್ನೂ ಮೊಬೈಲ್ ಆ್ಯಪ್‌ಗೆ ಜೋಡಿಸುವ ಪ್ರಾಜೆಕ್ಟ್‌ಗಳು ಈಗ ಬಹಳ.

ಗಣಿತದ ಬಗ್ಗೆ ಸುಳ್ಳು ಹೇಳಬಾರದು. ರೋಬೋಟ್ ತೋಳಿನ ಕೀಲುಗಳ ಲೆಕ್ಕಕ್ಕೆ 1955ರ ಡೆನಾವಿಟ್–ಹಾರ್ಟನ್‌ಬರ್ಗ್ ಪದ್ಧತಿ ಇಂದಿಗೂ ಪಾಠದಲ್ಲಿದೆ. ಪ್ರತಿ ಕೀಲಿಗೆ ನಾಲ್ಕು ಅಂಕಿ, ಆಮೇಲೆ ಮ್ಯಾಟ್ರಿಕ್ಸ್‌ಗಳ ಗುಣಾಕಾರ. ಬೇಸರದ ಕೆಲಸ, ಆದರೆ ಮಾಡಿದರೆ ಬರುತ್ತದೆ. ಗುರಿಗೂ ವಾಸ್ತವಕ್ಕೂ ಇರುವ ಅಂತರ ನೋಡಿ ಯಂತ್ರವನ್ನು ತಿದ್ದುತ್ತ ಹೋಗುವ ಪಿಐಡಿ ನಿಯಂತ್ರಣ ಮಾತ್ರ ಬರೀ ಮಾಡಿ ಬರುವಂಥದ್ದಲ್ಲ, ಕಣ್ಣಾರೆ ನೋಡಬೇಕು. ಹಡಗಿನ ಚುಕ್ಕಾಣಿಯ ಸಮಸ್ಯೆಗಾಗಿ 1922ರಲ್ಲಿ ಎಂಜಿನಿಯರ್ ಮಿನೋರ್ಸ್ಕಿ ಇದರ ಸಿದ್ಧಾಂತ ಬರೆದ. ಎನ್‌ಕೋಡರ್ (ತಿರುಗುವಿಕೆ ಅಳೆಯುವ ಸೆನ್ಸರ್) ಇರುವ ಒಂದು ಸಣ್ಣ ಡಿಸಿ ಮೋಟಾರ್ ತನ್ನಿ. ಅದರ ವೇಗ ಬದಲಾಗದಂತೆ ನಿಯಂತ್ರಿಸಿ, ಶಾಫ್ಟ್ ಅನ್ನು ಬೆರಳಿನಿಂದ ಮೆಲ್ಲಗೆ ತಡೆದು ಬಿಡಿ. ವೇಗ ಕುಸಿದು, ಗುರಿ ದಾಟಿ ಏರಿ, ಓಲಾಡಿ ನಿಲ್ಲುವುದನ್ನು ನಕ್ಷೆಯಲ್ಲಿ ಗುರುತಿಸಿ. ಕಪ್ಪು ಗೆರೆ ಹಿಡಿದು ಓಡುವ ಸಿದ್ಧ ಕಿಟ್‌ಗಿಂತ ಈ ಒಂದು ಮೋಟಾರ್ ಹೆಚ್ಚು ಕಲಿಸುತ್ತದೆ. ಕಿಟ್‌ನಲ್ಲಿ ನಿಯಂತ್ರಣದ ಅಂಕಿಗಳನ್ನು ಬೇರೆ ಯಾರೋ ಹೊಂದಿಸಿ ಕೊಟ್ಟಿರುತ್ತಾರೆ.

ರೋಬೋಟಿಕ್ಸ್ ಹೆಸರಿನ ವಿಭಾಗದಲ್ಲೇ ಸೀಟು ಸಿಗಲಿಲ್ಲವೆಂದು ಸಾಲ ಮಾಡಿ ದೂರದ ಊರಿಗೆ ಕಳುಹಿಸುವ ಪೋಷಕರಿದ್ದಾರೆ. ಅಗತ್ಯವಿಲ್ಲ. 1960ರಿಂದ ನಡೆಯುತ್ತಿರುವ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆಯಲ್ಲೋ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಓದಿ, ಎದುರಿನ ವಿಭಾಗದವರೊಡನೆ ಸೇರಿ ಕೆಲಸ ಮಾಡಿದರೂ ಈ ದಾರಿಗೆ ಬರಬಹುದು.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆ ಲೇಥ್, ವೈರಿಂಗ್ ನೀರು ಕುಡಿದಷ್ಟು ಸುಲಭ, ಕಂಟ್ರೋಲ್ ಸಿಸ್ಟಮ್ಸ್ ಗಣಿತದ ಲಾಪ್ಲಾಸ್ ರೂಪಾಂತರ ಕಂಡರೆ ಎದೆ ನಡುಗುತ್ತದೆ. ಪಿಯುಸಿಯಿಂದ ಬಂದವರದು ಬಹುಪಾಲು ಇದರ ತಲೆಕೆಳಗು. ಪ್ರಾಜೆಕ್ಟ್ ತಂಡ ಕಟ್ಟುವಾಗ ಹಾಸ್ಟೆಲ್ ಕೋಣೆಯ ಗೆಳೆಯರೇ ಒಂದಾಗುತ್ತಾರೆ, ಅಧ್ಯಾಪಕರೂ ಸುಮ್ಮನಿರುತ್ತಾರೆ. ಈ ಎರಡೂ ಬಗೆಯವರು ಪ್ರತಿ ತಂಡದಲ್ಲಿ ಇರಲೇಬೇಕೆಂದು ಮೂರನೇ ಸೆಮಿಸ್ಟರ್‌ನಲ್ಲೇ ವಿಭಾಗದವರು ಕಡ್ಡಾಯ ಮಾಡಲಿ.