ಫೆಲೋಶಿಪ್ ಅರ್ಜಿಗೆ ಚಿಕ್ಕ ಪ್ರಶ್ನೆ ಸಾಕು

ಅಮೆರಿಕದ ವಿಶ್ವವಿದ್ಯಾಲಯಗಳ ಸಾರ್ವಜನಿಕ ನೀತಿ ಕೇಂದ್ರಗಳಿಗೆ ವಿಸಿಟಿಂಗ್ ಫೆಲೋ ಆಗಿ, ಅಂದರೆ ಕೆಲವು ತಿಂಗಳು ಅಲ್ಲಿದ್ದು ಒಂದು ವಿಷಯ ಅಧ್ಯಯನ ಮಾಡುವ ಅತಿಥಿಯಾಗಿ, ಹೋಗಬೇಕು ಅನ್ನುವವರ ಅರ್ಜಿಗಳನ್ನು ನಾನು ಓದಿ ತಿದ್ದಿಕೊಡುತ್ತೇನೆ. ಅಧಿಕಾರಿಗಳು, ಪತ್ರಕರ್ತರು ಬರುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ವಿಷಯ ತುಂಬಾ ದೊಡ್ಡದಿರುತ್ತದೆ.

ಕಂದಾಯ ಇಲಾಖೆಯ ಒಬ್ಬರು ‘ಭಾರತದಲ್ಲಿ ಡಿಜಿಟಲ್ ಆಡಳಿತ’ ಅಂತ ಬರೆದು ತಂದಿದ್ದರು. ಒಂದು ಸೆಮಿಸ್ಟರ್ ಅಂದರೆ ಸುಮಾರು ನಾಲ್ಕು ತಿಂಗಳು. ಅಷ್ಟರಲ್ಲಿ ಇದು ಮುಗಿಯುವ ಮಾತಾ? ಮಾತಾಡುತ್ತಾ ಕೂತಾಗ ಅವರೇ ಹೇಳಿದರು, ಭೂಮಿ ಯೋಜನೆ ಬಂದು ಪಹಣಿಯೆಲ್ಲ ಕಂಪ್ಯೂಟರಿಗೆ ಸೇರಿತು, ಆದರೆ ಅಣ್ಣತಮ್ಮಂದಿರು ಪಾಲಾದರೆ ಜಮೀನು ಅಳೆದು ಪೋಡಿ ಮಾಡೋಕೆ, ಅಂದರೆ ದಾಖಲೆಯಲ್ಲಿ ಪಾಲುಗಳನ್ನು ಬೇರೆ ಬೇರೆ ಮಾಡೋಕೆ, ಸರ್ವೆಯರ್ ಹೊಲಕ್ಕೇ ಬರಬೇಕು, ಫೈಲು ನಿಲ್ಲೋದು ಅಲ್ಲೇ ಅಂತ. ‘ಸಾರ್, ಇದನ್ನೇ ಬರೀರಿ’ ಅಂದೆ. ಇಪ್ಪತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೂತವರಿಗೆ ಗೊತ್ತಿರುವ ಇಂಥ ಸಂಗತಿ ಅಲ್ಲಿನ ಪ್ರೊಫೆಸರ್‌ಗಳ ಹತ್ತಿರ ಇರುವುದಿಲ್ಲ. ನಿಮ್ಮನ್ನು ಕರೆಯುವುದೇ ಅದಕ್ಕೆ.

ಈ ಫೆಲೋಶಿಪ್ ಡಿಗ್ರಿ ಅಲ್ಲ, ಪರೀಕ್ಷೆಯೂ ಇಲ್ಲ. ಹಾರ್ವರ್ಡ್ ಕೆನಡಿ ಸ್ಕೂಲ್‌ನಲ್ಲಿ 1986ರಲ್ಲಿ ಶುರುವಾದ, ಮಾಧ್ಯಮ ಮತ್ತು ರಾಜಕೀಯದ ಬಗ್ಗೆ ಕೆಲಸ ಮಾಡುವ ಶೋರೆನ್‌ಸ್ಟೈನ್ ಕೇಂದ್ರಕ್ಕೆ ಎಷ್ಟೋ ಪತ್ರಕರ್ತರು ಹೋಗಿ, ಒಂದು ಸೆಮಿಸ್ಟರ್ ಇದ್ದು, ಒಂದು ಪ್ರಬಂಧ ಬರೆದು ಬಂದಿದ್ದಾರೆ. ಕೂರಲು ಜಾಗ, ಲೈಬ್ರರಿ, ಕರಡು ಓದಿ ತಪ್ಪು ತೋರಿಸುವ ಜನ, ಇಷ್ಟು ಸಿಕ್ಕರೆ ದೊಡ್ಡದು. ಕೆಲವು ಕೇಂದ್ರಗಳು ಹಣ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಅದನ್ನು ಮೊದಲೇ ಕೇಳಿಬಿಡಿ, ಸಂಕೋಚ ಬೇಡ.

ವೀಸಾ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಸಾಮಾನ್ಯವಾಗಿ ಸಿಗುವುದು ಜೆ-1, ಅಂದರೆ ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಅಮೆರಿಕ ಕೊಡುವ ವೀಸಾ. ಅದರಲ್ಲಿ ‘ಶಾರ್ಟ್ ಟರ್ಮ್ ಸ್ಕಾಲರ್’ ಅಂದರೆ ಹೆಚ್ಚೆಂದರೆ 6 ತಿಂಗಳು, ಮುಂದುವರಿಸಲು ಆಗಲ್ಲ. ‘ರಿಸರ್ಚ್ ಸ್ಕಾಲರ್’ ಆದರೆ 5 ವರ್ಷದ ತನಕ ಅವಕಾಶ ಇದೆ, ಆದರೆ ನೀವು ನಾಲ್ಕೇ ತಿಂಗಳಿಗೆ ಮುಗಿಸಿ ವಾಪಸ್ ಬಂದರೂ ಆಮೇಲೆ 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಹೋಗುವಂತಿಲ್ಲ. ಮುಂದಿನ ವರ್ಷ ಇನ್ನೊಂದು ಕಡೆ ದೊಡ್ಡ ಅವಕಾಶ ಬಂದಾಗ ಇದು ಅಡ್ಡ ಬರುತ್ತದೆ. ಈ ವೀಸಾಕ್ಕೆ ಬೇಕಾದ ಡಿಎಸ್-2019 ಫಾರಂ ಕಳಿಸುವುದು ವಿಶ್ವವಿದ್ಯಾಲಯ, ಯಾವ ವರ್ಗ ಅಂತ ಬರೆಯುವುದೂ ಅವರೇ. ಆದ್ದರಿಂದ ಅದು ತಯಾರಾಗುವ ಮುಂಚೆಯೇ ಮಾತಾಡಿ.

ಇನ್ನೊಂದು, ಮಾಹಿತಿಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಿ. ಅಲ್ಲಿ ಕೂತು ತಾಲ್ಲೂಕು ಕಚೇರಿಗೆ ಫೋನ್ ಮಾಡಿದರೆ ಕೆಲಸ ಆಗಲ್ಲ, ಅಲ್ವಾ? ಕಂದಾಯ ಇಲಾಖೆಯ ಆ ಸಾರ್ ಈಗ ಅನುಮತಿ ತಗೊಂಡು ಎರಡು ಹೋಬಳಿಗಳ ಪೋಡಿ ಅರ್ಜಿಗಳನ್ನು ನೋಡುತ್ತಿದ್ದಾರೆ. ಅರ್ಜಿ ಕೊಟ್ಟ ದಿನ, ಅಳತೆ ಆದ ದಿನ, ಎರಡನ್ನೇ ಬರೆದುಕೊಳ್ಳುತ್ತಿದ್ದಾರೆ.