ಅಲುಗದ ಸಿನಿಮಾದಲ್ಲಿ ಒಮ್ಮೆ ರೆಪ್ಪೆ ಬಡಿಯುತ್ತದೆ

ಒಬ್ಬ ಹೆಂಗಸು ಮಲಗಿದ್ದಾಳೆ. ಒಂದು ಫೋಟೋ. ತಲೆ ಸ್ವಲ್ಪ ಹೊರಳಿದೆ, ಇನ್ನೊಂದು ಫೋಟೋ. ಒಂದು ಚಿತ್ರ ಇನ್ನೊಂದರೊಳಗೆ ಕರಗುತ್ತಾ ಹೋಗುತ್ತದೆ, ಹಿನ್ನೆಲೆಯಲ್ಲಿ ಹಕ್ಕಿಗಳ ಸದ್ದು ಜಾಸ್ತಿಯಾಗುತ್ತಾ ಬರುತ್ತದೆ. ಆಮೇಲೆ ಅವಳು ಕಣ್ಣು ತೆರೆಯುತ್ತಾಳೆ, ರೆಪ್ಪೆ ಬಡಿಯುತ್ತಾಳೆ, ನೇರ ನಮ್ಮನ್ನೇ ನೋಡುತ್ತಾಳೆ.

ಕೆಲವೇ ಸೆಕೆಂಡು, ಅಷ್ಟೇ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂದಿತ್ತು. ಯಾಕೆಂದರೆ ಅಲ್ಲಿಯವರೆಗೆ ಆ ಸಿನಿಮಾದಲ್ಲಿ ಏನೂ ಅಲುಗಿರಲಿಲ್ಲ, ಅದಾದ ಮೇಲೂ ಏನೂ ಅಲುಗುವುದಿಲ್ಲ. ಅದು ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೆ'. 28 ನಿಮಿಷದ ಕಪ್ಪು ಬಿಳುಪು ಸಿನಿಮಾ, ಪೂರ್ತಿ ಸ್ಥಿರಚಿತ್ರಗಳು, ಜೊತೆಗೆ ಕಥೆ ಹೇಳುವ ಒಂದು ದನಿ.

ಮಾರ್ಕರ್ ಆಗ ಪ್ಯಾರಿಸ್ಸಿನ ಜನರ ಬಗ್ಗೆ ಒಂದು ಸಾಕ್ಷ್ಯಚಿತ್ರ ತೆಗೆಯುತ್ತಿದ್ದರು. ತಂಡಕ್ಕೆ ರಜೆ ಇದ್ದ ದಿನ ಪೆಂಟಾಕ್ಸ್ ಕ್ಯಾಮೆರಾದಲ್ಲಿ ಈ ಕಥೆಯ ಫೋಟೋ ತೆಗೆದರು. ಕಣ್ಣು ತೆರೆಯುವ ಆ ಒಂದು ಶಾಟ್‌ಗೆ ಮಾತ್ರ ಆ್ಯರಿಫ್ಲೆಕ್ಸ್ ಮೂವಿ ಕ್ಯಾಮೆರಾವನ್ನು ಒಂದು ಗಂಟೆಗೆ ಎರವಲು ತಂದರು. ಕಥೆ ನಡೆಯುವುದು ಮೂರನೇ ಮಹಾಯುದ್ಧದಲ್ಲಿ ಪ್ಯಾರಿಸ್ ಸುಟ್ಟುಹೋದ ಮೇಲೆ. ಬದುಕುಳಿದವರು ನೆಲದಡಿಯಲ್ಲಿದ್ದಾರೆ, ಅಲ್ಲಿ ಒಬ್ಬ ಕೈದಿಯನ್ನು ಕಾಲದಲ್ಲಿ ಹಿಂದಕ್ಕೆ ಕಳಿಸುವ ಪ್ರಯೋಗ ನಡೆಯುತ್ತದೆ. ಕಾಲಯಂತ್ರ ಅಂತ ದೊಡ್ಡದೇನೂ ಇಲ್ಲ. ಒಂದು ಜೋಲಿ ಮಂಚ, ಕಣ್ಣಿನ ಮೇಲೆ ವೈರು ಜೋಡಿಸಿದ ಪಟ್ಟಿ, ಒಂದು ಇಂಜೆಕ್ಷನ್. ಇಷ್ಟರಲ್ಲೇ ನಾವು ನಂಬಿಬಿಡುತ್ತೇವೆ.

ಹೀಗೆ ನಂಬುವುದು ಹೇಗೆ ಅನ್ನುವ ಪ್ರಶ್ನೆ ನನ್ನನ್ನು ತುಂಬ ದಿನ ಕಾಡಿದೆ. ಅಲುಗದ ಫೋಟೋಗಳಿಂದ ಸಿನಿಮಾ ಹೇಗಾಗುತ್ತದೆ? ಆದರೆ ಸ್ವಲ್ಪ ಯೋಚಿಸಿ, ಎಲ್ಲ ಸಿನಿಮಾಗಳೂ ಆಗುವುದು ಹಾಗೇ ಅಲ್ವಾ?

ಪ್ರೊಜೆಕ್ಟರಿನಲ್ಲಿ ರೀಲು ನೀರಿನ ಹಾಗೆ ಹರಿಯುವುದಿಲ್ಲ. ಒಂದು ಫ್ರೇಮು ದೀಪದ ಮುಂದೆ ಬಂದು ನಿಲ್ಲುತ್ತದೆ. ಪರದೆಗೆ ಬೆಳಕು ಬೀಳುತ್ತದೆ. ಶಟರು ಬೆಳಕನ್ನು ಮುಚ್ಚಿದಾಗ ರೀಲು ಜಗ್ಗಿ ಮುಂದಿನ ಫ್ರೇಮು ಬಂದು ನಿಲ್ಲುತ್ತದೆ. ಸೆಕೆಂಡಿಗೆ 24 ಸಲ ಹೀಗೇ. ಟೆಂಟ್ ಸಿನಿಮಾದಲ್ಲಿ ರೀಲು ಸಿಕ್ಕಿಕೊಂಡು, ನಾಯಕಿಯ ಮುಖದ ಮೇಲೆ ಕಂದು ಗುಳ್ಳೆ ಎದ್ದು ಕರಗಿ ಹೋಗುವುದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಆಗ ಕಂಡದ್ದು ನಿಂತ ಒಂದೇ ಒಂದು ಫ್ರೇಮು, ದೀಪದ ಬಿಸಿಗೆ ಸುಡುತ್ತಿದ್ದ ಒಂದು ಫೋಟೋ.

ಈಗ ಲೆಕ್ಕ ಹಾಕಿ. 28 ನಿಮಿಷ ಅಂದರೆ ಸುಮಾರು 40,000 ಫ್ರೇಮು. ಒಂದು ಫೋಟೋ ಐದು ಸೆಕೆಂಡು ಪರದೆಯ ಮೇಲೆ ಇರಬೇಕಾದರೆ ಅದೇ ಚಿತ್ರ ರೀಲಿನಲ್ಲಿ 120 ಸಲ ಇರಬೇಕು. ಅವಳು ಕಣ್ಣು ತೆರೆಯುವಾಗ ಪಕ್ಕಪಕ್ಕದ ಫ್ರೇಮುಗಳು ಒಂದು ಕೂದಲೆಳೆಯಷ್ಟು ಬೇರೆ ಬೇರೆ, ಅಷ್ಟೇ ವ್ಯತ್ಯಾಸ. ಯಂತ್ರಕ್ಕೆ ಎರಡೂ ಒಂದೇ, ಅದು ನಿಲ್ಲಿಸುತ್ತದೆ, ತೋರಿಸುತ್ತದೆ, ಜಗ್ಗುತ್ತದೆ. ಅವಳಿಗೆ ಜೀವ ಬಂದದ್ದು ಪರದೆಯ ಮೇಲಲ್ಲ, ನಮ್ಮ ತಲೆಯೊಳಗೆ.

ಚಿತ್ರದ ಛಾಯೆ ಕಣ್ಣಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ಅದಕ್ಕೇ ಸಿನಿಮಾ ಚಲಿಸಿದಂತೆ ಕಾಣುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ಅದು ಸಾಲದು. ಛಾಯೆ ಉಳಿದರೆ ಒಂದು ಚಿತ್ರದ ಮೇಲೆ ಇನ್ನೊಂದು ಕೂತು ಕಲಸಿಹೋಗಬೇಕಿತ್ತು, ಚಲನೆ ಎಲ್ಲಿಂದ ಬರುತ್ತದೆ? ಜರ್ಮನಿಯಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಪಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿ ನೋಡಿ, ಕಂಡದ್ದನ್ನು 1912ರಲ್ಲಿ ಪ್ರಕಟಿಸಿದರು. ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಬಿಡುವು ಕೊಟ್ಟರೆ ಇದೊಂದು, ಅದೊಂದು ಅಂತ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಬಿಡುವು ತೀರಾ ಕಡಿಮೆಯಾದರೆ ಎರಡೂ ಒಟ್ಟಿಗೇ ಕಾಣುತ್ತಿದ್ದವು. ಸುಮಾರು 60 ಮಿಲಿಸೆಕೆಂಡು ಇದ್ದಾಗ ಮಾತ್ರ, ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಂಡಿತು! ಯಾವುದೂ ಸರಿದಿರಲಿಲ್ಲ. ಮಿದುಳು ಸುಮ್ನೆ ಕಂಡದ್ದನ್ನು ಒಪ್ಪಿಕೊಂಡು ಕೂರುವುದಿಲ್ಲ, ನಡುವಿನ ದಾರಿಯನ್ನು ತಾನೇ ಹಾಕಿಕೊಳ್ಳುತ್ತದೆ.

ಈ ಕೆಲಸಕ್ಕೆ ಮಿದುಳಿನಲ್ಲಿ ಒಂದು ಜಾಗವೇ ಇದೆ. ಅದನ್ನು ಎಂಟಿ ಅಥವಾ ವಿ5 ಅನ್ನುತ್ತಾರೆ. 1983ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಮಹಿಳೆಯ ಬಗ್ಗೆ ಬರೆದರು. ಆಕೆಗೆ ಮಿದುಳಿನ ಎರಡೂ ಬದಿಯಲ್ಲಿ ಈ ಭಾಗಕ್ಕೆ ಹಾನಿಯಾಗಿತ್ತು. ಬಣ್ಣ ಕಾಣುತ್ತಿತ್ತು, ಮುಖ ಗೊತ್ತಾಗುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಟೀ ಬಗ್ಗಿಸುವಾಗ ಅದು ಹೆಪ್ಪುಗಟ್ಟಿದ ಹಾಗೆ ಕಾಣುತ್ತಿತ್ತು. ಕಪ್ಪಿನಲ್ಲಿ ಮೇಲೇರುವುದು ತಿಳಿಯದೆ ತುಂಬಿ ಚೆಲ್ಲಿಹೋಗುತ್ತಿತ್ತು. ಕೋಣೆಯಲ್ಲಿ ಜನ ಈಗ ಇಲ್ಲಿ, ಮರುಗಳಿಗೆಗೆ ಅಲ್ಲಿ, ನಡುವೆ ನಡೆದದ್ದೇ ಇಲ್ಲ. ರಸ್ತೆ ದಾಟಲು ಹೊರಟಾಗ, ದೂರದಲ್ಲಿದ್ದ ಕಾರು ಒಮ್ಮೆಲೇ ಪಕ್ಕದಲ್ಲಿ! ಇದನ್ನು ಓದಿದಾಗ ನನಗೆ ನೆನಪಾದದ್ದು ಲಾ ಜೆಟೆ. ನಮಗೆ 28 ನಿಮಿಷದ ಸಿನಿಮಾ, ಆಕೆಗೆ ಅದು ದಿನವಿಡೀ.

ನಮ್ಮ ಮಿದುಳಾದರೋ ನಿಂತ ಫೋಟೋದಲ್ಲೂ ಓಟ ಹುಡುಕುತ್ತದೆ. 2000ದಲ್ಲಿ ಮಿದುಳು ಸಂಶೋಧಕರಾದ ಜೋಯಿ ಕೂರ್ಟ್ಸಿ ಮತ್ತು ನ್ಯಾನ್ಸಿ ಕ್ಯಾನ್ವಿಶರ್, ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿದವರಿಗೆ ಸ್ಥಿರಚಿತ್ರಗಳನ್ನೇ ತೋರಿಸಿದರು. ಸುಮ್ಮನೆ ನಿಂತ ಆಳಿನ ಚಿತ್ರಕ್ಕಿಂತ, ಏನೋ ಎಸೆಯುತ್ತಿರುವ ಆಳಿನ ಚಿತ್ರಕ್ಕೆ ಚಲನೆ ನೋಡುವ ಆ ಭಾಗ ಜಾಸ್ತಿ ಚುರುಕಾಯಿತು. ಲಾ ಜೆಟೆಯ ಕೊನೆಯಲ್ಲಿ ಓರ್ಲಿ ವಿಮಾನ ನಿಲ್ದಾಣದ ಕಟ್ಟೆಯ ಮೇಲೆ ಆ ಕೈದಿ ಮೊದಲು ಹೇಳಿದ ಆ ಹೆಂಗಸಿನ ಕಡೆಗೆ ಓಡುತ್ತಾನಲ್ಲ, ಆ ಫೋಟೋಗಳು ನಮ್ಮ ಉಸಿರು ಹಿಡಿದಿಡುವುದು ಇದಕ್ಕೇ ಇರಬೇಕು.

ಕೈದಿಯನ್ನು ಆರಿಸುವ ರೀತಿಯೂ ನನಗೆ ಬಹಳ ಇಷ್ಟ. ಬಾಲ್ಯದ ಒಂದು ಚಿತ್ರ ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಅಂಟಿಕೊಂಡಿದೆ, ಆದ್ದರಿಂದ ಅವನು ಹಿಂದಕ್ಕೆ ಹೋಗಬಲ್ಲ. ಹಿಂದಕ್ಕೆ ಹೋಗಲು ಪಳಗಿದ ಮೇಲೆ ಅವನನ್ನೇ ಮುಂದಕ್ಕೂ ಕಳಿಸುತ್ತಾರೆ. ಸಿನಿಮಾ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಕೆನಡಾದಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್, ಮಿದುಳಿಗೆ ಪೆಟ್ಟಾದ ಒಬ್ಬರನ್ನು ಮಾತಾಡಿಸಿ ನೋಡಿದರು. ನಿನ್ನೆ ಏನು ಮಾಡಿದಿರಿ ಅಂದರೆ ಖಾಲಿ. ನಾಳೆ ಏನು ಮಾಡುತ್ತೀರಿ ಅಂದರೂ ಅದೇ ಖಾಲಿ. ನೆನಪು ಮಾಡಿಕೊಳ್ಳುವುದಕ್ಕೂ ಮುಂದಿನದನ್ನು ಕಲ್ಪಿಸಿಕೊಳ್ಳುವುದಕ್ಕೂ ಮಿದುಳು ಬಹುಪಾಲು ಒಂದೇ ದಾರಿ ಬಳಸುತ್ತದೆ ಅಂತ ಈಗ ತಿಳಿದಿದೆ.

ಮೊನ್ನೆ ಮತ್ತೆ ಆ ಸಿನಿಮಾ ಹಾಕಿದೆ. ಅವಳು ಮಲಗಿದಲ್ಲಿಗೆ ಬಂದಾಗ ನಿಲ್ಲಿಸಿ, ಒಂದೊಂದೇ ಫ್ರೇಮು ಮುಂದಕ್ಕೆ ಒತ್ತುತ್ತಾ ಹೋದೆ. ಮುಚ್ಚಿದ ಕಣ್ಣು. ಮುಚ್ಚಿದ ಕಣ್ಣು. ಸ್ವಲ್ಪ ತೆರೆದ ಕಣ್ಣು. ಎಲ್ಲವೂ ಬರೀ ಫೋಟೋ, ಹಿಂದಿನವುಗಳ ಹಾಗೇ. ಹಿಂದಕ್ಕೆ ಹೋಗಿ ಪ್ಲೇ ಒತ್ತಿದೆ, ಅವಳು ಎದ್ದಳು.